ಮಂಗಳವಾರದ ಅರ್ಜಿಗಳು

2025ರ ನವೆಂಬರ್ 11, ಮಂಗಳವಾರ. ಬೆಳಿಗ್ಗೆ 10 ಗಂಟೆ 20 ನಿಮಿಷಕ್ಕೆ ಮಾವಿನಕೊಪ್ಪ ಠಾಣೆಗೆ ಒಂದು ಅರ್ಜಿ ಬಂತು. ತಂದವರು ನೇರಲಗಟ್ಟೆಯ ಬೆನಕಪ್ಪ, ವಯಸ್ಸು 46, ಕಸುಬು ಬೇಸಾಯ. ಗೇಟಿನಲ್ಲೇ ಅವರನ್ನು ಕಂಡ ಕಾನ್‌ಸ್ಟೆಬಲ್ ಹನುಮಂತಪ್ಪ, ಒಳಗಿದ್ದವರಿಗೆ ಕೇಳುವ ಹಾಗೆ ಹೇಳಿದ.

"ಬಂದ್ರು ನೋಡ್ರಿ ಅರ್ಜಿ ಸಾಹೇಬ್ರು. ಬೆಂಚ್ ಒರೆಸ್ರಿ."

ಇಬ್ಬರು ನಕ್ಕರು. ಬೆನಕಪ್ಪ ಅದಕ್ಕೆ ಒಗ್ಗಿಹೋಗಿದ್ದರು. ಚಪ್ಪಲಿ ಹೊರಗೆ ಬಿಟ್ಟು ಬಂದು ಬೆಂಚಿನ ಮೇಲೆ ಕೂತರು.

ಶಿಕಾರಿಪುರದಿಂದ ಸೊರಬದ ಕಡೆ ಹೋಗುವಾಗ ಎರಡು ತಾಲೂಕು ಸೇರುವ ಜಾಗದಲ್ಲಿದೆ ಈ ಠಾಣೆ. ಹದಿನೆಂಟು ಹಳ್ಳಿ, ಹನ್ನೊಂದು ಸಿಬ್ಬಂದಿ, ಒಂದು ಜೀಪು. ಹದಿನೆಂಟು ಹಳ್ಳಿಯಲ್ಲಿ ಅತಿ ಹೆಚ್ಚು ಅರ್ಜಿ ಬರೆದವರು ಬೆನಕಪ್ಪ. ರೇಷನ್ ಅಂಗಡಿಯ ತೂಕದ ಮೇಲೆ ಬರೆದಿದ್ದರು. ಹಾಲಿನ ಡೇರಿಯ ಫ್ಯಾಟ್ ಮಿಷನ್ ಮೇಲೆ ಬರೆದಿದ್ದರು. ಅಂಗನವಾಡಿಗೆ ಬಂದು ಮಕ್ಕಳಿಗೆ ಸಿಗದ ಮೊಟ್ಟೆಯ ಮೇಲೂ ಬರೆದಿದ್ದರು. ಅವರು ಬರೆದದ್ದರಲ್ಲಿ ಸುಳ್ಳಿಲ್ಲ ಎಂಬುದು ಎಲ್ಲ ಕಚೇರಿಗೂ ಗೊತ್ತಿತ್ತು. ಅವರನ್ನು ಕಂಡರೆ ಎಲ್ಲರಿಗೂ ಬೇಸರವಾಗುತ್ತಿದ್ದುದೇ ಅದಕ್ಕೆ.

ಇನ್ಸ್‌ಪೆಕ್ಟರ್ ಸುರೇಂದ್ರ ಅರ್ಜಿಯನ್ನು ಕೈಗೆ ತಗೊಂಡರು. ಫೆಬ್ರವರಿಯಲ್ಲಿ ಈ ಠಾಣೆಗೆ ವರ್ಗವಾಗಿ ಬಂದವರು. ನಿವೃತ್ತಿಗೆ ಆರು ವರ್ಷ ಉಳಿದಿತ್ತು. ಅರ್ಜಿಯ ಅಕ್ಷರ ಗುಂಡಗೆ, ಸಾಲು ನೇರ. ಸಾರಾಂಶ ಇಷ್ಟು: ಎಂಟು ತಿಂಗಳಿಂದ ನನ್ನ ತಲೆ ನನ್ನ ವಶದಲ್ಲಿಲ್ಲ. ಕೈ ನಡುಗುತ್ತದೆ, ನಾಲಿಗೆ ಭಾರವಾಗುತ್ತದೆ, ಕೂತಲ್ಲಿ ನಿದ್ದೆ ಬರುತ್ತದೆ. ನನಗೆ ತಿಳಿಯದ ಹಾಗೆ ಯಾರೋ ಏನೋ ಹಾಕುತ್ತಿದ್ದಾರೆ. ನಮ್ಮೂರ ರುದ್ರಭೂಮಿಯ ದಾರಿಯ ವಿಚಾರಣೆ ಇದೇ 21, ಶುಕ್ರವಾರ, ತಹಶೀಲ್ದಾರರ ಮುಂದೆ ಇದೆ. ಹಿಂದಿನ ಎರಡು ವಿಚಾರಣೆಯಲ್ಲಿ ನಿಂತು ಬಂದೆ, ಏನೂ ಹೇಳಲು ಆಗಲಿಲ್ಲ. ಈ ಸಲವೂ ಬಾಯಿ ಬಾರದಿದ್ದರೆ ಪ್ರಕರಣ ಮುಚ್ಚುತ್ತಾರೆ. ತನಿಖೆ ಮಾಡಬೇಕಾಗಿ ವಿನಂತಿ.

ಆ ದಾರಿಯ ಕತೆ ಸುರೇಂದ್ರ ಅವರಿಗೂ ಗೊತ್ತಿತ್ತು. ಊರಿನ ದೊಡ್ಡ ಕುಳ, ಗೊಬ್ಬರದ ವ್ಯಾಪಾರಿ ಮಹೇಶ್ವರಪ್ಪ ಎರಡು ವರ್ಷದ ಹಿಂದೆ ದಾರಿಗೆ ತಂತಿ ಬೇಲಿ ಹಾಕಿದ್ದರು. ಕಳೆದ ಮಳೆಗಾಲದಲ್ಲಿ ಗುತ್ಯಮ್ಮನ ಗಂಡನ ಹೆಣವನ್ನು ಮೊಣಕಾಲುದ್ದ ಕೆಸರಿನ ಗದ್ದೆಯಲ್ಲಿ ಹೊತ್ತುಕೊಂಡು ಹೋಗಿದ್ದರು. ಊರೆಲ್ಲ ಶಾಪ ಹಾಕಿತು. ಅರ್ಜಿ ಬರೆದದ್ದು ಬೆನಕಪ್ಪ ಒಬ್ಬರೇ.

"ಯಾರ ಮೇಲೆ ಅನುಮಾನ?"

"ಮಹೇಶ್ವರಪ್ಪನೋರ ಮೇಲೆ."

"ಅವರ ಮನೇಲಿ ಊಟ ಮಾಡ್ತೀರಾ?"

"ಇಲ್ರಿ. ದಿನಾ ಸಂಜೆ ಬಸ್‌ಸ್ಟ್ಯಾಂಡ್ ಹೋಟ್ಲಲ್ಲಿ ಚಾ ಕುಡೀತೀನಿ. ಅದು ಅವರ ಅಳಿಯಂದು."

"ಈಗ ತಲೆ ಸರಿ ಇದೆಯಲ್ಲ?"

"ಈಗ ಐತ್ರಿ. ಅದಕ್ಕೇ ಓಡಿ ಬಂದೆ. ಮಧ್ಯಾಹ್ನಕ್ಕೆ ಇರ್ತೈತೋ ಇಲ್ವೋ ಗೊತ್ತಿಲ್ಲ."

ಆ ಮಾತನ್ನು ಸುರೇಂದ್ರ ಕೇಳಿಸಿಕೊಂಡರು. ಬರೆದುಕೊಳ್ಳಲಿಲ್ಲ.

ಮರುದಿನ, ನವೆಂಬರ್ 12, ಬುಧವಾರ, ಬೆಳಿಗ್ಗೆ 11.40. ಸುರೇಂದ್ರ ಮತ್ತು ಹನುಮಂತಪ್ಪ ನೇರಲಗಟ್ಟೆಗೆ ಹೋದರು. ಟಾರು ರಸ್ತೆಯ ಅರ್ಧ ಭಾಗಕ್ಕೆ ಗೋವಿನಜೋಳ ಹರವಿದ್ದರು. ಜೀಪು ಇನ್ನರ್ಧದಲ್ಲಿ ತೆವಳಿಕೊಂಡು ಹೋಯಿತು. ಬೆನಕಪ್ಪ ಮನೆಯ ಜಗಲಿಯಲ್ಲಿ ಕೂತಿದ್ದರು. ನಿನ್ನೆಯ ಮನುಷ್ಯನೇ ಹೌದೋ ಅಲ್ಲವೋ ಎಂದು ಎರಡು ಸಲ ನೋಡಬೇಕಾಯಿತು. ಬಾಯಿಯ ಮೂಲೆಯಲ್ಲಿ ಜೊಲ್ಲು. ಬಲಗೈ ಹೆಬ್ಬೆರಳು ತೋರುಬೆರಳಿನ ಮೇಲೆ ಸುಮ್ಮನೆ ಉಜ್ಜುತ್ತಲೇ ಇತ್ತು.

"ನಿನ್ನೆ ಅರ್ಜಿ ಕೊಟ್ರಲ್ಲ, ಬೆನಕಪ್ಪನೋರೆ."

"ಹೂಂ."

"ಏನು ತೊಂದರೆ?"

ಉತ್ತರ ಬರಲು ಒಂದು ನಿಮಿಷ ಹಿಡಿಯಿತು. "ಏನಿಲ್ರಿ."

ಹೆಂಡತಿ ಹಾಲಮ್ಮ ಚಹಾ ತಂದರು. ನಲವತ್ತರ ಹೆಣ್ಣುಮಗಳು, ಹಣೆಯ ತುಂಬ ವಿಭೂತಿ. ಸೆರಗಿನ ತುದಿಯಿಂದ ಗಂಡನ ಬಾಯಿ ಒರೆಸಿದರು. ಅವರು ಹಾಗೇ, ಒಂದಿನ ಒಂಥರ ಇರುತ್ತಾರೆ, ತಪ್ಪು ತಿಳಿಯಬೇಡಿ ಎಂದರು. ಹನುಮಂತಪ್ಪ ಮೊಣಕಾಲ ಮೇಲೆ ಹಾಳೆ ಇಟ್ಟುಕೊಂಡು, ತನಗೆ ಯಾರ ಮೇಲೂ ದೂರಿಲ್ಲ ಎಂಬ ಹೇಳಿಕೆ ಬರೆದ. ಬೆನಕಪ್ಪ ಓದದೆ ಸಹಿ ಹಾಕಿದರು. ಸಹಿ ಮೊದಲೆರಡು ಅಕ್ಷರಕ್ಕೇ ಕುಗ್ಗಿ, ಆಮೇಲೆ ಬರೀ ಗೆರೆಯಾಗಿ ಹಾಳೆಯ ಅಂಚಿಗೆ ಜಾರಿತ್ತು.

ಜೀಪಿನಲ್ಲಿ ಹನುಮಂತಪ್ಪ, ಹಿಂಬರಹ ಕೊಟ್ಟು ಮುಚ್ಚಿಬಿಡೋಣ ಅಲ್ವಾ ಸಾರ್ ಎಂದು ಕೇಳಿದ. ಹಿಂಬರಹವೆಂದರೆ ಅರ್ಜಿಗೆ ಕಚೇರಿ ಕೊಡುವ ಲಿಖಿತ ಉತ್ತರ. ಯಾವ ಅರ್ಜಿಯೂ ಹಿಂಬರಹವಿಲ್ಲದೆ ಮುಚ್ಚುವಂತಿಲ್ಲ. ಆದ್ದರಿಂದ ಠಾಣೆಯ ಕಂಪ್ಯೂಟರಿನಲ್ಲಿ ನಾಲ್ಕೈದು ಹಿಂಬರಹ ಮೊದಲೇ ತಯಾರಿರುತ್ತವೆ. ಹೆಸರು ಬದಲಾಯಿಸಿದರೆ ಆಯಿತು. ಸುರೇಂದ್ರ ಸರಿ ಎಂದರು.

ಅದು ಮುಚ್ಚಿಯೇ ಹೋಗುತ್ತಿತ್ತು. ತಡೆದವರು ಠಾಣೆಯ ಬರವಣಿಗೆ ನೋಡಿಕೊಳ್ಳುವ ಹೆಡ್ ಕಾನ್‌ಸ್ಟೆಬಲ್ ದುರ್ಗಮ್ಮ. ಗುರುವಾರ 13ರ ಬೆಳಿಗ್ಗೆ 9.40ಕ್ಕೆ ಅವರು ಅರ್ಜಿ ರಿಜಿಸ್ಟರನ್ನು ಕಂಕುಳಲ್ಲಿ, ಗೋಡೆಯ ಕ್ಯಾಲೆಂಡರನ್ನು ಮೊಳೆಯಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡು ಒಳಗೆ ಬಂದರು. ಎರಡು ಕಾಗದ ಮೇಜಿನ ಮೇಲಿಟ್ಟರು. ಒಂದು ಮಂಗಳವಾರದ ಅರ್ಜಿ. ಇನ್ನೊಂದು ಬುಧವಾರದ ಹೇಳಿಕೆ.

"ಸಾರ್, ಈ ಎರಡು ಸಹಿ ಒಬ್ಬನೇ ಮನುಷ್ಯಂದು ಅಂತ ನಾನು ರಿಜಿಸ್ಟರಲ್ಲಿ ಹೆಂಗ್ ಬರೀಲಿ?"

ಸುರೇಂದ್ರ ನೋಡಿದರು.

"ಇನ್ನೊಂದು ಐತೆ ಸಾರ್. ಮಂಗಳವಾರ ನಮ್ಮ ವಾರದ ಪರೇಡ್. ಮುಗಿಸ್ಕೊಂಡು ಬೂಟು ಬಿಚ್ಚೋವಾಗೆಲ್ಲ ಬೆಂಚಿನ ಮೇಲೆ ಇವರೇ ಕೂತಿರ್ತಾರೆ. ಬೇರೆ ದಿನ ನಾನು ಇವರನ್ನ ನೋಡೇ ಇಲ್ಲ. ನಿನ್ನೆ ರಿಜಿಸ್ಟರಲ್ಲಿ ಇವರ ಅರ್ಜಿ ತಾರೀಕೆಲ್ಲ ತೆಗೆದು ನೋಡ್ದೆ."

ಕಳೆದ ವರ್ಷ ಬೆನಕಪ್ಪ ಕೊಟ್ಟದ್ದು ಹದಿನಾಲ್ಕು ಅರ್ಜಿ. ಸೋಮವಾರ, ಗುರುವಾರ, ಶನಿವಾರ, ಲೆಕ್ಕವಿಲ್ಲ. ಈ ವರ್ಷ ಮಾರ್ಚ್ ಎರಡನೆಯ ವಾರದಿಂದ ಈಚಿನವು ಏಳು. ಮಾರ್ಚ್ 25, ಏಪ್ರಿಲ್ 22, ಜೂನ್ 3, ಜುಲೈ 15, ಆಗಸ್ಟ್ 26, ಅಕ್ಟೋಬರ್ 14, ನವೆಂಬರ್ 11. ದುರ್ಗಮ್ಮ ಕ್ಯಾಲೆಂಡರಿನ ಹಾಳೆ ಒಂದೊಂದೇ ತಿರುಗಿಸಿ ಬೆರಳಿಟ್ಟು ತೋರಿಸಿದರು. ಏಳೂ ಮಂಗಳವಾರ. ಸ್ವೀಕರಿಸಿದ ಸಮಯ ಏಳಕ್ಕೂ ಹನ್ನೊಂದು ಗಂಟೆಯೊಳಗೆ.

ಸುರೇಂದ್ರ ರಿಜಿಸ್ಟರನ್ನು ತಮ್ಮ ಕಡೆ ತಿರುಗಿಸಿಕೊಂಡರು. ಆ ಏಳು ಅರ್ಜಿಯಲ್ಲಿ ಆರನ್ನು ತಾವೇ ಮುಚ್ಚಿದ್ದರು.

"ಹಿಂಬರಹ ಕಳಿಸಬೇಡಿ," ಎಂದರು. "ಸೋಮವಾರ ಆ ಮನುಷ್ಯ ಏನು ಮಾಡ್ತಾನೆ, ತಿಳ್ಕೊಳ್ಳಿ."

ನವೆಂಬರ್ 14, ಶುಕ್ರವಾರ. ಮೊದಲು ಮಹೇಶ್ವರಪ್ಪನವರನ್ನು ಅವರ ಅಂಗಡಿಯಲ್ಲೇ ವಿಚಾರಿಸಿದರು. ಗೊಬ್ಬರದ ಚೀಲಗಳ ನಡುವೆ ಕುರ್ಚಿ ಹಾಕಿಸಿ, ಎಳನೀರು ತರಿಸಿ, ಅವರು ಸಮಾಧಾನವಾಗಿಯೇ ಉತ್ತರ ಕೊಟ್ಟರು.

"ಅವ ಬಾಯಿ ಮುಚ್ಕೊಂಡಿದ್ರೆ ಸಾಕು ಅಂತ ಬಯಸಿದ್ದು ಹೌದ್ರಿ. ಇಡೀ ಊರೇ ಬಯಸಿತ್ತು. ನನ್ನೊಬ್ಬನ್ನೇ ಯಾಕೆ ಕೇಳ್ತೀರಿ?"

ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಸಿಕ್ಕಿದ್ದು ಬೇರೆ ಸಂಗತಿ. ಬೆನಕಪ್ಪ ವಾರದ ಏಳೂ ದಿನ ಸಂಜೆ ಚಹಾಕ್ಕೆ ಬರುತ್ತಾರೆ. ಸೋಮವಾರವೂ ಬರುತ್ತಾರೆ. ಆದರೆ ಅವತ್ತು ಬೋಂಡ, ಮಂಡಕ್ಕಿ ಏನನ್ನೂ ಮುಟ್ಟುವುದಿಲ್ಲ. ಸೋಮವಾರ ಅವರಿಗೆ ಒಪ್ಪತ್ತು. ಬೇಯಿಸಿದ್ದು ಯಾವುದೂ ಬಾಯಿಗೆ ಹಾಕುವುದಿಲ್ಲ. ಸಂಜೆ ಬಳ್ಳಿಗಾವಿಯ ಈಶ್ವರನ ಗುಡಿಗೆ ಹೋಗಿ ಪೂಜೆ ಆದ ಮೇಲೆ ಬಾಳೆಹಣ್ಣು, ಹಾಲು. ಮದುವೆಗೆ ಮುಂಚಿನಿಂದ ನಡೆದುಬಂದದ್ದು.

ಸುರೇಂದ್ರ ಡೈರಿಯಲ್ಲಿ ಎರಡು ಸಾಲು ಬರೆದರು. ಸೋಮವಾರ ಹೋಟೆಲಿನ ಚಹಾ ಇದೆ. ಇಲ್ಲದ್ದು ಮನೆಯ ಊಟ.

ನವೆಂಬರ್ 17, ಸೋಮವಾರ, ಸಂಜೆ 6.15. ಸುರೇಂದ್ರ ಯೂನಿಫಾರ್ಮ್ ಇಲ್ಲದೆ ಬಳ್ಳಿಗಾವಿಗೆ ಹೋದರು. ಗುಡಿಯ ಹೊರಗೆ ಹುಲ್ಲಿನ ಮೇಲೆ ಬೆನಕಪ್ಪ, ಹಾಲಮ್ಮ ಅಕ್ಕಪಕ್ಕ ಕೂತಿದ್ದರು. ಹಾಲಮ್ಮ ಸ್ಟೀಲಿನ ಗಿಂಡಿಯಿಂದ ಲೋಟಕ್ಕೆ ಹಾಲು ಬಗ್ಗಿಸಿ ಕೊಟ್ಟರು, ಹಣ್ಣು ಸುಲಿದು ಕೊಟ್ಟರು. ದೂರದಿಂದ ನೋಡಿದರೆ ಒಳ್ಳೆಯ ಸಂಸಾರ. ಹಾಲಮ್ಮ ಪ್ರಸಾದಕ್ಕೆಂದು ಎದ್ದು ಹೋದಾಗ ಸುರೇಂದ್ರ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಹೇಳಿದ್ದು ಇಷ್ಟೆ: ನಾಳೆ ಬೆಳಿಗ್ಗೆ ಮನೆಯಲ್ಲಿ ಏನೂ ತಿನ್ನದೆ, ನೀರೂ ಕುಡಿಯದೆ ಠಾಣೆಗೆ ಬನ್ನಿ. ಬೆನಕಪ್ಪ ಮುಖ ನೋಡಿದರು. ಅಷ್ಟರಲ್ಲಿ ಅವರಿಗೆ ಅರ್ಥವಾಗಿತ್ತು. ಹೆಂಡತಿ ಹೋದ ಕಡೆ ಒಂದು ಸಲ ನೋಡಿದರು.

ನವೆಂಬರ್ 18, ಮಂಗಳವಾರ, ಬೆಳಿಗ್ಗೆ 7.50. ಬೆನಕಪ್ಪನ ಹೇಳಿಕೆ ಪಡೆದು ಠಾಣೆಯ ಅಪರಾಧ ಸಂಖ್ಯೆ 147/2025 ದಾಖಲಾಯಿತು. ಭಾರತೀಯ ನ್ಯಾಯ ಸಂಹಿತೆ ಕಲಂ 123, ಮತಿಗೆಡಿಸುವ ಪದಾರ್ಥ ಕೊಟ್ಟು ನೋವುಂಟು ಮಾಡುವುದು. ಎಫ್‌ಐಆರ್‌ನಲ್ಲಿ ಆರೋಪಿಯ ಕಾಲಂ ಖಾಲಿ. ಬೆನಕಪ್ಪ ಪ್ರತಿಯನ್ನು ಎರಡು ಸಲ ಓದಿ ಸಹಿ ಮಾಡಿದರು. ಹನುಮಂತಪ್ಪನ ಜೊತೆ ಅವರನ್ನು ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಕಳಿಸಿದರು, ರಕ್ತಪರೀಕ್ಷೆಗೆ ಮತ್ತು ಮನೋವೈದ್ಯರ ತಪಾಸಣೆಗೆ.

10.30ಕ್ಕೆ ಮನೆಯ ಶೋಧನೆ. ಪಂಚರಾಗಿ ಪಕ್ಕದ ಮನೆಯ ಸಣ್ಣಪ್ಪ, ಎದುರು ಮನೆಯ ಮಂಜಪ್ಪ. ಒಬ್ಬ ಸಿಬ್ಬಂದಿ ಮೊಬೈಲಿನಲ್ಲಿ ವಿಡಿಯೋ ಹಿಡಿದ. ಹುಡುಕುವ ಕೆಲಸವೇ ಬರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ದುರ್ಗಮ್ಮ ನಿಂತದ್ದು ಕಂಡು, ಹಾಲಮ್ಮ ತಾವೇ ಉಪ್ಪಿನ ಜಾಡಿಯ ಹಿಂದೆ ಕೈ ಹಾಕಿ ಒಂದು ಪ್ಲಾಸ್ಟಿಕ್ ಕವರು ತೆಗೆದು ಕೊಟ್ಟರು.

"ಇದನ್ನೇ ಹುಡುಕ್ತೀರೇನಕ್ಕ?"

ಪಂಚನಾಮೆಯಲ್ಲಿ ಬರೆದದ್ದು: ಬಣ್ಣ, ರುಚಿ, ವಾಸನೆ ಇಲ್ಲದ ಹನಿ ಔಷಧದ ಬಾಟಲಿ ಎರಡು, ಒಂದು ಅರ್ಧ ಖಾಲಿ. ಮೂರು ತರದ ಮಾತ್ರೆಯ ಹಾಳೆ. ಮಾತ್ರೆ ಅರೆಯಲು ಬಳಸಿದ ಸಣ್ಣ ಒರಳು. ಸೊರಬದ ಒಂದು ಕ್ಲಿನಿಕ್ಕಿನ ಎಂಟು ಚೀಟಿ. ಮೊದಲನೆಯದು 2025ರ ಮಾರ್ಚ್ 10ರದ್ದು.

ಎಂಟು ಚೀಟಿಯನ್ನು ಸುರೇಂದ್ರ ಜಗಲಿಯ ಮೇಲೆ ಸಾಲಾಗಿ ಇಟ್ಟು ನೋಡಿದರು. ಮೊದಲ ತಿಂಗಳು ದಿನಕ್ಕೆ ಐದು ಹನಿ. ಎರಡನೆಯ ತಿಂಗಳು ಹತ್ತು. ಆಮೇಲೆ ಹದಿನೈದು. ಕೈ ನಡುಗುತ್ತದೆ ಎಂದರೆ ನಡುಕಕ್ಕೆ ಒಂದು ಮಾತ್ರೆ. ಆ ಮಾತ್ರೆಯಿಂದ ಬಾಯಿ ಒಣಗಿ ಮಲ ಕಟ್ಟಿದರೆ ಅದಕ್ಕೊಂದು. ರಾತ್ರಿ ಎದ್ದು ಓಡಾಡುತ್ತಾರೆ ಎಂದರೆ ನಿದ್ದೆಗೆ ಮತ್ತೊಂದು. ಐದು ಹನಿಯಲ್ಲಿ ಶುರುವಾದದ್ದು ಎಂಟು ತಿಂಗಳಲ್ಲಿ ನಾಲ್ಕು ಔಷಧವಾಗಿತ್ತು. ರೋಗಿಯ ರಕ್ತದೊತ್ತಡ, ತೂಕ ಬರೆಯುವ ಜಾಗ ಎಂಟರಲ್ಲೂ ಖಾಲಿ ಇತ್ತು.

"ಯಾವುದರಲ್ಲಿ ಹಾಕ್ತಿದ್ರಿ?" ದುರ್ಗಮ್ಮ ಕೇಳಿದರು.

"ಮಜ್ಜಿಗೆಯಾಗ."

ಊರು ಬಿಟ್ಟು ಹೋಗಬಾರದೆಂದು ಹಾಲಮ್ಮನಿಗೆ ನೋಟಿಸು ಕೊಟ್ಟರು. ಅವರು ಓದಲಿಲ್ಲ. ನಾಲ್ಕು ಮಡಿಕೆ ಮಾಡಿ, ಚೀಟಿಗಳಿದ್ದ ಜಾಗದಲ್ಲೇ ಉಪ್ಪಿನ ಜಾಡಿಯ ಹಿಂದೆ ಇಟ್ಟರು.

ನವೆಂಬರ್ 19, ಬುಧವಾರ, ಬೆಳಿಗ್ಗೆ 11.15, ಸೊರಬ. ಕ್ಲಿನಿಕ್ ಪೇಟೆಯ ಹಿಂದಿನ ಬೀದಿಯಲ್ಲಿತ್ತು. ಬೋರ್ಡಿನ ಮೇಲೆ ಡಾ. ಹೇಮಂತ್, ಅದರ ಕೆಳಗೆ ನರ ಮತ್ತು ಮನೋರೋಗ ಚಿಕಿತ್ಸೆ. ಅವರು ಓದಿದ್ದು ಸಾಮಾನ್ಯ ವೈದ್ಯಕೀಯ ಮಾತ್ರ. ಹೊರಗಿನ ಬೆಂಚಿನಲ್ಲಿ ಒಂಬತ್ತು ಮಂದಿ ಕಾದಿದ್ದರು. ದುರ್ಗಮ್ಮ ಒಬ್ಬೊಬ್ಬರನ್ನೇ ಮಾತಾಡಿಸಿದರು. ಒಂಬತ್ತರಲ್ಲಿ ರೋಗಿಗಳು ಇಬ್ಬರು. ಉಳಿದ ಏಳು ಮಂದಿ ಬೇರೆಯವರ ಹೆಸರಿನಲ್ಲಿ ಔಷಧ ಒಯ್ಯಲು ಬಂದವರು.

"ಈ ಬೆನಕಪ್ಪ ಅನ್ನೋರನ್ನ ಎಷ್ಟು ಸಲ ನೋಡಿದ್ದೀರಿ ಡಾಕ್ಟ್ರೇ?"

"ಅವರು ಬರೋದಿಲ್ಲ. ಅಂಥವರು ಬರೋದಿಲ್ಲ ಇನ್ಸ್‌ಪೆಕ್ಟ್ರೇ, ಅದೇ ಅವರ ಕಾಯಿಲೆ."

"ಒಂದು ಸಲನಾದ್ರೂ?"

"ಮನೆಯವರು ಬಂದು ಎದುರಿಗೆ ಕೂತು ಅಳ್ತಾರೆ. ನಾನು ಎಂತ ಮಾಡ್ಲಿ ಹೇಳಿ. ವಾಪಸ್ ಕಳಿಸ್ಲಾ?"

"ಔಷಧ ಕೊಡೋದು ಆ ಮನುಷ್ಯನಿಗೆ ಗೊತ್ತಿರಬೇಕು ಅನ್ನೋ ಕಾನೂನು ಇದೆ."

"ಕಾನೂನು ಬೆಂಗಳೂರಲ್ಲಿದೆ. ಇಲ್ಲಿ ಮನೆಯವರಿದ್ದಾರೆ."

ರಿಜಿಸ್ಟರ್ ತರಿಸಿದರು. ಕೆಲವು ಹೆಸರಿನ ಪಕ್ಕ ಕೆಂಪು ಶಾಯಿಯ ಚುಕ್ಕೆ ಇತ್ತು. ಚುಕ್ಕೆ ಎಂದರೆ ಮನೆಯವರ ಮೂಲಕ. ದುರ್ಗಮ್ಮ ಎಣಿಸಿದರು, ಐವತ್ತಮೂರು. ಪಕ್ಕದ ಕಾಲಂನಲ್ಲಿ ಮನೆಯವರು ಹೇಳಿದ ಕಾರಣ ಇತ್ತು. ಪಾಲು ಕೇಳಿ ಜಗಳ. ಬೇರೆ ಜಾತಿ ಹುಡುಗನ ಹಟ. ಗಂಡನ ಮನೆಗೆ ಹೋಗಲ್ಲ ಎನ್ನುತ್ತಾಳೆ. ಎದುರು ಮಾತು. ಬೆನಕಪ್ಪನ ಹೆಸರಿನ ಮುಂದೆ ಎರಡೇ ಪದ: ಅರ್ಜಿ ಬರೆಯುವುದು. ಓದುತ್ತ ಹೋದಂತೆ ದುರ್ಗಮ್ಮನ ದನಿ ಸಣ್ಣದಾಯಿತು. ಐವತ್ತಮೂರು ಮನೆಯಲ್ಲಿ ಐವತ್ತಮೂರು ಮಂದಿ ಈ ಹೊತ್ತಿಗೆ ಗೋಡೆಗೆ ಒರಗಿ ಕೂತಿದ್ದಾರೆ, ಅವರಲ್ಲಿ ಯಾರಿಗೆ ನಿಜವಾಗಿ ಕಾಯಿಲೆ ಇತ್ತು, ಯಾರಿಗೆ ಬಾಯಿ ಮಾತ್ರ ಇತ್ತು ಎಂದು ಈ ಪುಸ್ತಕದಿಂದ ಯಾರೂ ಹೇಳುವಂತಿರಲಿಲ್ಲ.

"ಇವರಿಗೆ ಹುಚ್ಚು ಅಂತ ಯಾರು ಹೇಳಿದ್ದು? ಹೆಂಡತಿ ಮಾತು ಒಂದೇನಾ?" ಸುರೇಂದ್ರ ಕೇಳಿದರು.

ಹೇಮಂತ್ ಕಪಾಟಿನಿಂದ ಒಂದು ಫೈಲು ತೆಗೆದು, ಅದರಿಂದ ಒಂದು ಹಾಳೆ ಎಳೆದು ಮೇಜಿನ ಮೇಲೆ ಹಾಕಿದರು.

"ನೀವೇ ಬರೆದು ಕೊಟ್ಟಿದ್ದೀರಲ್ರೀ."

ಅದು ಮಾವಿನಕೊಪ್ಪ ಠಾಣೆಯ ಹಿಂಬರಹ. ದಿನಾಂಕ 2025ರ ಮಾರ್ಚ್ 3. ಅರ್ಜಿದಾರರು ಮಾನಸಿಕ ಅಸ್ವಸ್ಥರಿರುವಂತೆ ಕಂಡುಬಂದಿದ್ದು, ಚಿಕಿತ್ಸೆ ಕೊಡಿಸುವಂತೆ ಕುಟುಂಬದವರಿಗೆ ತಿಳಿಸಿ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ. ಕೆಳಗೆ ಠಾಣೆಯ ಸೀಲು. ಸೀಲಿನ ಮೇಲೆ ಸುರೇಂದ್ರ ಅವರ ಸಹಿ.

ಅವರು ಅದನ್ನು ನೆನಪು ಮಾಡಿಕೊಳ್ಳಲು ನೋಡಿದರು. ನೆನಪಾಗಲಿಲ್ಲ. ಠಾಣೆಗೆ ಬಂದ ಹೊಸತು. ತಿಂಗಳ ಕೊನೆಯ ಬಾಕಿ ಅರ್ಜಿಗಳ ಕಟ್ಟು ಮುಂದಿತ್ತು, ಹನುಮಂತಪ್ಪ ಹಾಳೆ ತಿರುಗಿಸುತ್ತಿದ್ದ, ಅವರು ಸಹಿ ಹಾಕುತ್ತ ಹೋಗಿದ್ದರು. ಬೆನಕಪ್ಪನನ್ನು ಅವರು ಆವತ್ತಿಗೆ ನೋಡಿಯೂ ಇರಲಿಲ್ಲ. ಡಾಕ್ಟರೂ ನೋಡಿರಲಿಲ್ಲ. ಇಬ್ಬರು ನೋಡದವರು ಸೇರಿ ಒಬ್ಬ ಮನುಷ್ಯನನ್ನು ಹುಚ್ಚ ಮಾಡಿದ್ದರು.

"ಇದನ್ನೂ ಜಪ್ತಿ ಮಾಡಿ," ಎಂದರು.

ದುರ್ಗಮ್ಮ ತಲೆ ಎತ್ತಿದರು. "ಇದನ್ನೂನಾ ಸಾರ್?"

"ಇದನ್ನೇ ಮೊದಲು ಬರೀರಿ."

ಮಧ್ಯಾಹ್ನ 1.15ಕ್ಕೆ ಡಾ. ಹೇಮಂತ್ ಅವರ ಬಂಧನವಾಯಿತು. ಎಫ್‌ಐಆರ್‌ಗೆ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಕಲಂ 108 ಸೇರಿತು. ಸಂಜೆಯೊಳಗೆ ಮೂವರು ವಕೀಲರು, ಆರು ಫೋನು ಕರೆ ಬಂದವು. ಸುರೇಂದ್ರ ತಮ್ಮ ಹಿಂಬರಹದ ವಿಷಯವನ್ನು ಒಂದು ಪುಟದಲ್ಲಿ ಬರೆದು ಡಿವೈಎಸ್ಪಿಗೆ ಕಳಿಸಿದರು. ಇದನ್ನೆಲ್ಲ ಯಾಕೆ ಬರೆಯಲು ಹೋದಿರಿ ಎಂದು ಅಲ್ಲಿಂದ ಏಳನೆಯ ಫೋನು ಬಂತು.

ನವೆಂಬರ್ 20, ಗುರುವಾರ. ಬೆನಕಪ್ಪನನ್ನು ಆಸ್ಪತ್ರೆಯಿಂದ ಬಿಡುಗಡೆ ಮಾಡಿದರು. ರಕ್ತದಲ್ಲಿ ಔಷಧ ಸಿಕ್ಕಿತ್ತು. ತಪಾಸಣೆ ಮಾಡಿದ ಮನೋವೈದ್ಯೆ ನಯನ, ಮನೋರೋಗದ ಲಕ್ಷಣ ಕಂಡುಬಂದಿಲ್ಲ, ನಡುಕ ಮತ್ತು ಬಿಗಿತ ಔಷಧದ್ದು, ಪೂರ್ತಿ ಹೋಗಲು ಕೆಲವು ವಾರ ಬೇಕು ಎಂದು ವರದಿ ಬರೆದರು. ವರದಿ ಕೈಗೆ ಕೊಡುವಾಗ ಒಂದು ಮಾತು ಸೇರಿಸಿದರು.

"ಕಾಯಿಲೆ ಇಲ್ಲ ಅನ್ನೋದು ದೊಡ್ಡ ವಿಷಯ ಮಾಡ್ಬೇಡಿ. ಇದ್ದಿದ್ರೂ ಅವರನ್ನ ಕೇಳೇ ಕೊಡಬೇಕಿತ್ತು."

ಹಾಲಮ್ಮನನ್ನು ಅವತ್ತೇ ಬಂಧಿಸಬಹುದಿತ್ತು. ಸುರೇಂದ್ರ ಒಂದು ದಿನ ತಡೆದರು. ಮರುದಿನ ಬೆನಕಪ್ಪನಿಗೆ ವಿಚಾರಣೆ ಇತ್ತು. ಆ ರಾತ್ರಿ ಬೆನಕಪ್ಪ ಸಣ್ಣಪ್ಪನ ಮನೆಯಲ್ಲಿ ಮಲಗಿದರು, ತಮ್ಮ ಮನೆಯ ಗೋಡೆಯ ಆಚೆ ಬದಿಗೆ.

ನವೆಂಬರ್ 21, ಶುಕ್ರವಾರ, ಬೆಳಿಗ್ಗೆ 11.30, ಶಿಕಾರಿಪುರ. ತಹಶೀಲ್ದಾರರ ಮುಂದೆ ಹೆಸರು ಕೂಗಿದಾಗ ಬೆನಕಪ್ಪ ಎದ್ದು ನಿಂತರು. ಎಡಗೈಯಿಂದ ಬಲಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಮೊದಲ ವಾಕ್ಯ ಮೂರು ಸಲ ತಡೆಯಿತು. ಕಟಕಟೆಯ ಆಚೆ ಮಹೇಶ್ವರಪ್ಪನವರ ವಕೀಲರು ವಾಚು ನೋಡಿಕೊಂಡರು. ಆಮೇಲೆ ಮಾತು ಬಂತು. ಹಳೆಯ ನಕಾಶೆಯಲ್ಲಿ ದಾರಿ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ, ಅಗಲ ಎಷ್ಟು, ಬೇಲಿ ಯಾವ ದಿನ ಹಾಕಿದರು, ಗುತ್ಯಮ್ಮನ ಗಂಡನ ಹೆಣ ಯಾರ ಗದ್ದೆಯಲ್ಲಿ ಹೋಯಿತು, ಎಲ್ಲವನ್ನೂ ಹೇಳಿದರು. ಹನ್ನೊಂದು ನಿಮಿಷ. ಮುಂದಿನ ವಾರ ಸ್ಥಳ ಸರ್ವೆ ಮಾಡಲು ಆದೇಶವಾಯಿತು. ಹೊರಗೆ ಬಂದು ನಲ್ಲಿಯಲ್ಲಿ ಮುಖ ತೊಳೆದುಕೊಂಡು, ಅವರು ಸುರೇಂದ್ರ ಅವರನ್ನು ಕೇಳಿದರು.

"ಇವತ್ತೇ ಏನ್ರಿ, ಅವಳನ್ನ?"

"ಇವತ್ತೇ."

ಮಧ್ಯಾಹ್ನ 3.30ಕ್ಕೆ ಜೀಪು ನೇರಲಗಟ್ಟೆಯಲ್ಲಿ ನಿಂತಿತು. ಹಾಲಮ್ಮ ಬೇರೆ ಸೀರೆ ಉಟ್ಟು, ಒಂದು ಕೈಚೀಲ ಕಟ್ಟಿಕೊಂಡು ಜಗಲಿಯಲ್ಲಿ ಕಾದಿದ್ದರು. ಬೆನಕಪ್ಪ ಅಂಗಳದ ಆಚೆಯೇ ನಿಂತರು. ದುರ್ಗಮ್ಮ ಹೇಳಿಕೆ ಬರೆಯಲು ಕೂತರು. ಡೇರಿಯ ಮೇಲೆ ಗಂಡ ಅರ್ಜಿ ಬರೆದ ವಾರ ಡೇರಿಯವರು ಇವರ ಹಾಲು ಬೇಡ ಎಂದದ್ದು, ನೀರಿಗೆ ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದುದು, ಯಾರ ಮನೆಯ ಮುತ್ತೈದೆ ಊಟಕ್ಕೂ ಕರೆ ಬಾರದೆ ಹೋದದ್ದು, ಒಂದೊಂದೇ ಹೇಳಿದರು. ಯಾರ ಮೇಲೂ ಸಿಟ್ಟಿರಲಿಲ್ಲ. ಅಂಗಡಿ ಸಾಮಾನಿನ ಪಟ್ಟಿ ಓದುವ ಹಾಗಿತ್ತು.

"ಮಹೇಶ್ವರಪ್ಪನೋರು ಏನಾದ್ರೂ ಹೇಳಿಕೊಟ್ರಾ?"

"ಯಾರೂ ಇಲ್ಲಕ್ಕ. ಪೊಲೀಸ್ನೋರ ಕಾಗದ ಬಂತು, ಹುಚ್ಚು ಅಂತ. ಸರ್ಕಾರದೋರೇ ಬರೆದ ಮೇಲೆ ಇರಬೌದು ಅನ್ಕೊಂಡೆ. ಡಾಕ್ಟ್ರು, ಹೇಳಿದ್ರೆ ಕುಡಿಯಲ್ಲ, ಹೇಳದೇ ಹಾಕ್ರಿ ಅಂದ್ರು."

"ಹುಚ್ಚಲ್ಲ ಅಂತ ಆಮೇಲೂ ಗೊತ್ತಾಗ್ಲಿಲ್ವಾ?"

ಹಾಲಮ್ಮ ಅಂಗಳದ ಆಚೆ ನೋಡಿದರು.

"ಒಂದೇ ತಿಂಗಳಿಗೆ ಗೊತ್ತಾತು. ಮಂಗಳವಾರ ಬೆಳಿಗ್ಗೆ ಹಳೇ ಮನುಷ್ಯ ಆಗಿಬಿಡೋರು. ಚಪ್ಪಲಿ ಮೆಟ್ಟಿ ಹೊರಟುಬಿಡೋರು. ಉಳಿದ ದಿನ ಸಂಜೆ ಚಾಕ್ಕೆ ಹೋಗೋದು ಬಿಟ್ರೆ ಮನೇಲೇ ಇರೋರು. ಇಪ್ಪತ್ತೆರಡು ವರ್ಷ ಸಂಸಾರ ಮಾಡೀನಿ, ಊರಿನ ಚಿಂತೆ ಮಾಡ್ತಾ ಊಟ ಮಾಡೋರು, ಬೆಂಡೆಕಾಯೋ ಬದನೆಕಾಯೋ ಗೊತ್ತಿರ್ತಿರ್ಲಿಲ್ಲ. ಈ ಎಂಟು ತಿಂಗಳು ನನ್ನ ಪಕ್ಕ ಕೂತು ಊಟ ಮಾಡಿದ್ರು. ಕೈ ತುತ್ತು ಕೊಟ್ರೆ ತಿಂತಿದ್ರು. ಸಾಕಾಗಿತ್ತಕ್ಕ ನನಗೆ. ಬಿಡೋಕೆ ಮನಸ್ಸು ಬರ್ಲಿಲ್ಲ."

ದುರ್ಗಮ್ಮ ಬರೆಯುತ್ತಿದ್ದ ಕೈ ನಿಲ್ಲಿಸಿ, ಮತ್ತೆ ಬರೆದರು.

"ಸೋಮವಾರ ಯಾಕೆ ಹಾಕ್ಲಿಲ್ಲ?" ಸುರೇಂದ್ರ ಕೇಳಿದರು. "ಹಾಲು ನೀವೇ ಒಯ್ತಿದ್ರಿ. ಹಾಲಲ್ಲಿ ಹಾಕಿದ್ರೆ ಮಂಗಳವಾರ ಅವರು ಠಾಣೆಗೇ ಬರ್ತಿರಲಿಲ್ಲ."

"ಒಪ್ಪತ್ತಿನ ಹಾಲಿಗೆ ಹೆಂಗ್ ಹಾಕ್ಲಿ ಸಾಹೇಬ್ರೆ?" ಹಾಲಮ್ಮನಿಗೆ ಪ್ರಶ್ನೆಯೇ ವಿಚಿತ್ರವಾಗಿ ಕೇಳಿಸಿತ್ತು. "ಅದು ದೇವ್ರಿಗೆ ಎಡೆ ಮಾಡಿದ್ದು."

ಸಮಯ 4.10. ಬಂಧನ ಪತ್ರ ತುಂಬಿದರು. ಬಂಧನದ ಮಾಹಿತಿಯನ್ನು ಯಾರಿಗೆ ತಿಳಿಸಬೇಕೆಂದು ಆರೋಪಿಯನ್ನೇ ಕೇಳಬೇಕು. ತವರಿನಲ್ಲಿ ಅಣ್ಣ ತಮ್ಮ ಯಾರಾದರೂ ಇದ್ದಾರಾ ಎಂದು ದುರ್ಗಮ್ಮ ಕೇಳಿದರು.

"ನಮ್ಮ ಯಜಮಾನ್ರಿಗೆ ಹೇಳ್ರಿ," ಎಂದರು ಹಾಲಮ್ಮ.

ದೂರುದಾರನೇ ಆ ಕಾಲಂಗೆ ಬರುವುದನ್ನು ಸುರೇಂದ್ರ ತಮ್ಮ ಸರ್ವಿಸ್ಸಿನಲ್ಲಿ ನೋಡಿರಲಿಲ್ಲ. ಬೇಡವೆನ್ನುವ ನಿಯಮವೂ ಇರಲಿಲ್ಲ. ಬೆನಕಪ್ಪ ಅಂಗಳ ದಾಟಿ ಬಂದು ಪತ್ರವನ್ನು ಕೈಗೆ ತಗೊಂಡರು. ಎಂದಿನಂತೆ ಮೊದಲ ಸಾಲಿನಿಂದ ಓದಿದರು. ಎಲ್ಲರೂ ಕಾದರು. ಎರಡನೆಯ ಪುಟದ ನಡುವೆ ಅವರ ಬೆರಳು ನಿಂತಿತು. ಅಪರಾಧದ ಸಾರಾಂಶವನ್ನು ಬರೆದವನು ಹನುಮಂತಪ್ಪ. ಕೈ ರೂಢಿಯಲ್ಲಿ ಬರೆದಿದ್ದ: ಆರೋಪಿಯು ತನ್ನ ಮಾನಸಿಕ ಅಸ್ವಸ್ಥ ಗಂಡನಿಗೆ ತಿಳಿಯದಂತೆ.

"ಈ ಎರಡು ಪದ ಹೊಡೀರಿ," ಎಂದರು ಬೆನಕಪ್ಪ. "ಹೊಡೆದು ಪಕ್ಕಕ್ಕೆ ಸಹಿ ಮಾಡ್ರಿ."

ಹನುಮಂತಪ್ಪ ನೆಲ ನೋಡಿದ. ಸುರೇಂದ್ರ ಪೆನ್ನು ತೆಗೆದು, ಎರಡು ಪದಗಳ ಮೇಲೆ ಅಡ್ಡಗೆರೆ ಎಳೆದು, ಅಂಚಿನಲ್ಲಿ ಸಹಿ ಹಾಕಿದರು. ಹಿಂಬರಹದ ಮೇಲಿದ್ದದ್ದೂ ಇದೇ ಸಹಿ. ಅದರ ಕೆಳಗೆ ಬೆನಕಪ್ಪ ಸಹಿ ಮಾಡಿದರು. ಅಕ್ಷರ ಸ್ವಲ್ಪ ನಡುಗಿತ್ತು, ಆದರೆ ಗೆರೆಯಾಗಲಿಲ್ಲ. ಹೆಸರು ಪೂರ್ತಿ ಬಂತು.

ದುರ್ಗಮ್ಮ ಕೈಚೀಲ ಎತ್ತಿಕೊಂಡರು. ಹಾಲಮ್ಮ ಜೀಪಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದರು. ಗಂಡನ ಮುಖ ನೋಡಲಿಲ್ಲ, ಅಂಗಿಯ ಗುಂಡಿ ನೋಡಿದರು.

"ಅನ್ನ ಮಾಡಿಟ್ಟೀನಿ. ಮಜ್ಜಿಗೆ ಮುಚ್ಚಿಟ್ಟೀನಿ. ಅದರಾಗ ಏನೂ ಹಾಕಿಲ್ಲ."

ಬೆನಕಪ್ಪ ಜೀಪಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದರು.

4.25ಕ್ಕೆ ಜೀಪು ಹೊರಟಿತು. ಜೋಳ ಹರವಿದ ರಸ್ತೆಯಲ್ಲಿ ತಿರುವಿನವರೆಗೂ ನಿಧಾನವಾಗಿ ಹೋಗಬೇಕಾಯಿತು. ಸುರೇಂದ್ರ ಕನ್ನಡಿಯಲ್ಲಿ ನೋಡಿದರು. ಬೆನಕಪ್ಪ ಅಡುಗೆಮನೆಯ ಬಾಗಿಲವರೆಗೆ ಹೋಗಿ ನಿಂತರು, ಒಳಗೆ ಹೋಗಲಿಲ್ಲ. ತಿರುಗಿ ಬಂದು ಜಗಲಿಯಲ್ಲಿ ಕೂತು, ಬಂಧನ ಪತ್ರದ ಪ್ರತಿಯನ್ನು ಮೊದಲ ಸಾಲಿನಿಂದ ಮತ್ತೆ ಓದತೊಡಗಿದರು.